ಸಂಜೆ ನಾಲ್ಕರ ಕೋಲಾ

ಕಲಬುರಗಿಯ ಬೇಸಿಗೆ ಗೊತ್ತಲ್ವಾ, ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ನಾನು ಒಂದು ತೊಗರಿ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ವರ್ಷ, ದಿನಾ ಸಂಜೆ ನಾಲ್ಕಕ್ಕೆ ಪಕ್ಕದ ಅಂಗಡಿಯಲ್ಲಿ ಅರ್ಧ ಲೀಟರ್ ತಣ್ಣನೆ ಕೋಲಾ, ಜೊತೆಗೆ ಎರಡು ಮಿರ್ಚಿ ಭಜ್ಜಿ.

ಹೋದ ಏಪ್ರಿಲ್‌ನಲ್ಲಿ ಕೋಲಾ ಒಮ್ಮೆಲೇ ಬಿಟ್ಟೆ. ಮರುದಿನವೇ ತಲೆ ಸಿಡಿಯತೊಡಗಿತು. ಅವ್ವ ನೆತ್ತಿಗೆ ಎಣ್ಣೆ ಒತ್ತುತ್ತಾ, "ಬಿಸಲಾಗ ತಿರಗಬ್ಯಾಡ ಅಂತ ಎಷ್ಟ್ ಸಲ ಹೇಳಬೇಕೋ ನಿನಗ" ಅಂದಳು. ನಾನೂ ಬಿಸಿಲಿನದೇ ಅಂದುಕೊಂಡೆ. ಮೂರನೇ ದಿನ ತಡೆಯಲಾಗದೆ ಒಂದು ಬಾಟಲಿ ಕುಡಿದೆ, ಸ್ವಲ್ಪ ಹೊತ್ತಿಗೇ ನೋವು ಇಳಿಯಿತು. ಆಗ ಗೊತ್ತಾಯಿತು, ಇದು ಕೋಲಾದಲ್ಲಿರುವ ಕೆಫೀನ್ ಕೆಲಸ ಅಂತ.

ನಮ್ಮ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ದಿನವಿಡೀ ಕೂಡುತ್ತಾ ಹೋಗಿ ದಣಿವು ತಿಳಿಸುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ, ದಿನಾ ಹೀಗೇ ಆದರೆ ಮೆದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಹಾಗಾಗಿ ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ತಾಸಿನೊಳಗೆ ತಲೆನೋವು, ಮಂಕು, ಸಿಡುಕು. ಕೆಲವರಿಗೆ ಇದು 9 ದಿನದವರೆಗೂ ಇರುತ್ತದೆ. ಇದು ಮೊದಲೇ ಗೊತ್ತಿದ್ದರೆ ನಾನು ಆ ಮೂರನೇ ದಿನ ಸೋಲುತ್ತಿರಲಿಲ್ಲ.

ಎರಡನೇ ಸಲ ನಿಧಾನಕ್ಕೆ ಇಳಿದೆ. ಮೊದಲ ವಾರ ಅರ್ಧ ಬಾಟಲಿ, ಆಮೇಲೆ ಒಂದು ಲೋಟ, ಆಮೇಲೆ ದಿನ ಬಿಟ್ಟು ದಿನ. ಚಹಾದಲ್ಲೂ ಕೆಫೀನ್ ಇದೆಯಲ್ವಾ, ಅದಕ್ಕೆ ಚಹಾ ಎರಡೇ ಕಪ್, ಜಾಸ್ತಿ ಮಾಡಲಿಲ್ಲ.

ಸಕ್ಕರೆಯ ಲೆಕ್ಕ ಹಾಕಿದ ದಿನ ನಿಜವಾಗಿ ಹೆದರಿದೆ. 100 ಮಿಲಿ ಕೋಲಾದಲ್ಲಿ ಸುಮಾರು 10 ಗ್ರಾಂ ಸಕ್ಕರೆ, ಅಂದರೆ ನನ್ನ ಬಾಟಲಿಯಲ್ಲಿ 50 ಗ್ರಾಂ. ದೊಡ್ಡವರಿಗೆ ಇಡೀ ದಿನಕ್ಕೆ ಸುಮಾರು 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಪ್ಪನಿಗೆ ಶುಗರ್ ಇದೆ. ಈ ಲೆಕ್ಕ ನಾನು ಮೊದಲೇ ಹಾಕಬೇಕಿತ್ತು.

ತಲೆನೋವು ಹೋದರೂ ಆಸೆ ಹೋಗಲಿಲ್ಲ. ಒಂದು ತಿಂಗಳು ಅದು ಯಾವಾಗ ಬರುತ್ತದೆ ಅಂತ ಗಮನಿಸಿದೆ. ಕೆಲಸದ ಗಡಿಬಿಡಿಯಲ್ಲಿ ಮಧ್ಯಾಹ್ನ ಒಂದು ಪ್ಲೇಟ್ ಸುಸಲಾ ತಿಂದು ಎದ್ದ ದಿನ ಮೂರೂವರೆಗೇ ಕೈ ನಡುಗುವಷ್ಟು ಸಿಹಿ ಬೇಕು ಅನ್ನಿಸುತ್ತಿತ್ತು, ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಮೊಸರು ಅಂತ ಕೂತು ಉಂಡ ದಿನ ನಾಲ್ಕು ಗಂಟೆ ಬಂದದ್ದೇ ತಿಳಿಯುತ್ತಿರಲಿಲ್ಲ. ಈಗ ಡಬ್ಬಿ ಮನೆಯಿಂದಲೇ ಒಯ್ಯುತ್ತೇನೆ.

ಇನ್ನೊಂದು ವಿಷಯ, ನನಗೆ ಬೇಕಾಗಿದ್ದು ಗಂಟಲಿಗೆ ಚುರ್ ಅನ್ನುವ ಆ ಗ್ಯಾಸ್. ಅಂಗಡಿಯ ಕಾಕಾ ಒಂದು ದಿನ ಬರೀ ಸೋಡಾಕ್ಕೆ ನಿಂಬೆ ಹಿಂಡಿ, ಉಪ್ಪು ಹಾಕಿ, "ಇದ ಕುಡದ ನೋಡ್ ತಮ್ಮಾ" ಅಂತ ಕೊಟ್ಟರು. ಸಕ್ಕರೆ ಇಲ್ಲ, ಕೆಫೀನ್ ಇಲ್ಲ, ಚುರ್ ಅನ್ನೋದು ಮಾತ್ರ ಹಾಗೇ ಇದೆ. ಮಿರ್ಚಿ ಭಜ್ಜಿ ಪೂರ್ತಿ ಬಿಟ್ಟಿಲ್ಲ, ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ. ಉಳಿದ ದಿನ ನಾಲ್ಕಕ್ಕೆ ಕಾಕಾ ನನ್ನನ್ನು ಕಂಡ ಕೂಡಲೇ ನಿಂಬೆ ಹೆಚ್ಚುತ್ತಾರೆ.