ರುದ್ರದ ಮೊದಲ ಸಾಲಿನಲ್ಲೇ ಎಡವುವುದೇಕೆ?

ವೇದಮಂತ್ರದ ಪುಸ್ತಕದಲ್ಲಿ ಅಕ್ಷರದ ಕೆಳಗೆ ಅಡ್ಡಗೆರೆ ಇದ್ದರೆ ಅನುದಾತ್ತ, ದನಿ ಇಳಿಸಬೇಕು. ಮೇಲೆ ಒಂದು ನಿಂತ ಗೆರೆ ಇದ್ದರೆ ಸ್ವರಿತ, ಏರಿಸಬೇಕು. ಗೆರೆಯೇ ಇಲ್ಲದಿದ್ದರೆ ಉದಾತ್ತ ಅಥವಾ (ಸ್ವರಿತದ ಹಿಂದೆ ಬರುವ) ಪ್ರಚಯ, ಎರಡೂ ಸಮದನಿ. ಇಷ್ಟು ತಿಳಿದುಕೊಂಡು ಪುಸ್ತಕ ಹಿಡಿದು ಕೂತವರು ಯಜುರ್ವೇದದ ಶಿವಸ್ತುತಿಯಾದ ಶ್ರೀರುದ್ರದ ಮೊದಲ ಸಾಲಿನಲ್ಲೇ ಎಡವುತ್ತಾರೆ.

ಆ ಸಾಲನ್ನೇ ಬಿಡಿಸೋಣ: ‘ನಮಸ್ತೇ ರುದ್ರ ಮನ್ಯವ ಉತೋತ ಇಷವೇ ನಮಃ’. ‘ನ’ ಸಮ, ‘ಮ’ ಏರು. ಮುಂದಿನ ‘ಸ್ತೇ ರುದ್ರ’ ಮೂರೂ ಅಕ್ಷರ ಸಮದಲ್ಲೇ ಸಾಗಬೇಕು. ಹಾಡಿನ ಅಭ್ಯಾಸವಿರುವವರು ಇಲ್ಲಿ ಸುಮ್ಮನಿರಲಾರದೆ ‘ರು’ವನ್ನು ಎತ್ತಿಬಿಡುತ್ತಾರೆ. ಆಮೇಲೆ ‘ಮ’ ಇಳಿತ, ‘ನ್ಯ’ ಸಮ, ‘ವ’ ಏರು. ‘ಉ’ ಇಳಿತ, ‘ತೋ’ ಸಮ, ‘ತ’ ಇಳಿತ, ‘ಇ’ ಸಮ, ‘ಷ’ ಏರು, ‘ವೇ’ ಇಳಿತ. ಕೊನೆಗೆ ‘ನ’ ಸಮ, ‘ಮಃ’ ಏರು.

ಕಷ್ಟದ ಜಾಗ ‘ಇಷವೇ’. ‘ಷ’ದ ಏರಿನಿಂದ ದನಿ ಸಮದಲ್ಲಿ ನಿಲ್ಲದೆ ನೇರವಾಗಿ ‘ವೇ’ಯ ಇಳಿತಕ್ಕೆ ಬೀಳಬೇಕು, ಬಿದ್ದಲ್ಲೇ ಎರಡು ಮಾತ್ರೆ ನಿಲ್ಲಬೇಕು. ಆದರೆ ಏರಿದ ದನಿಗೆ ಎಳೆಯುವ ಚಟ. ಒಂದೇ ಮಾತ್ರೆಯ ‘ಷ’ ಹಿಗ್ಗಿ ‘ಇಷಾವೇ’ ಆಗುತ್ತದೆ. ಸ್ವರ ಸರಿಯಾಯಿತು, ಮಾತ್ರೆ ಕೆಟ್ಟಿತು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ವರ್ಣ, ಸ್ವರ, ಮಾತ್ರೆ, ಬಲ, ಸಾಮ, ಸಂತಾನ ಎಂದು ಆರನ್ನು ಬೇರೆಬೇರೆಯಾಗಿ ಎಣಿಸಿರುವುದು ಸುಮ್ಮನೆ ಅಲ್ಲ.

ಸ್ವರ ತಪ್ಪಿದರೆ ಏನು ಮಹಾ ಎನ್ನುವವರಿಗೆ, ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿದ ತ್ವಷ್ಟೃವಿನ ಕಥೆಯೇ ಉತ್ತರ. ‘ಇಂದ್ರಶತ್ರು’ ಪದದ ಕೊನೆಯಲ್ಲಿ ಉದಾತ್ತ ಬಂದರೆ ಇಂದ್ರನನ್ನು ಕೊಲ್ಲುವವನು. ಮೊದಲಲ್ಲಿ ಬಂದರೆ ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ತ್ವಷ್ಟೃ ಬಯಸಿದ್ದು ಮೊದಲನೆಯದು, ಬಾಯಲ್ಲಿ ಬಂದದ್ದು ಎರಡನೆಯದು. ಅಕ್ಷರ ಒಂದೂ ಬದಲಾಗಿರಲಿಲ್ಲ. ಸತ್ತವನು ಆ ಹೋಮದಿಂದ ಹುಟ್ಟಿದ ವೃತ್ರ.

ಇನ್ನು ವಿಸರ್ಗ. ಶ್ರೀರುದ್ರದ ಎಂಟನೆಯ ಅನುವಾಕದ (ಅನುವಾಕ ಎಂದರೆ ಅದರ ಒಂದು ಭಾಗ) ‘ನಮಃ ಶಿವಾಯ ಚ’ ಎಂಬಲ್ಲಿ ‘ನಮಹ ಶಿವಾಯ’ ಎಂದು ಹಕಾರ ಹಾಕಬಾರದು, ‘ನಮಶ್ಶಿವಾಯ’ ಆಗಬೇಕು. ಅದರ ಸ್ವಲ್ಪ ಮುಂದೆ ಬರುವ ‘ನಮಃ ಪಾರ್ಯಾಯ’ದಲ್ಲಿ ವಿಸರ್ಗ ತುಟಿಯಂಚಿನಲ್ಲಿ ಉಸಿರಾಗಿ, ಹೆಚ್ಚುಕಡಿಮೆ ‘ಫ್’ನಂತೆ ಹೊರಡುತ್ತದೆ. ವಾಕ್ಯದ ಕೊನೆಯಲ್ಲಿ ನಿಲ್ಲಿಸಿದಾಗ ಮಾತ್ರ ‘ಶಾಂತಿಹಿ’ ಎಂಬ ಮೆಲುದನಿ ಸರಿ, ಅದೂ ಇನ್ನೊಂದು ಪೂರ್ತಿ ಅಕ್ಷರದಂತೆ ಗಟ್ಟಿಯಾಗಿ ಕೇಳಿಸಬಾರದು. ಮಹಾಪ್ರಾಣವನ್ನಂತೂ ದಿನದ ಮಾತಿನಲ್ಲಿ ನುಂಗಿ ನುಂಗಿ ನಮ್ಮ ನಾಲಗೆಗೆ ಅದು ಮರೆತೇ ಹೋಗಿರುತ್ತದೆ.

ಇವು ಯಾವುವೂ ಪುಸ್ತಕದಿಂದ ಸರಿಹೋಗುವುದಿಲ್ಲ. ಸಂಥೆಯ, ಅಂದರೆ ಗುರುವಿನ ಬಾಯಿಂದ ಕೇಳಿ ಹೇಳಿ ಕಲಿಯುವ ಕ್ರಮ ಇರುವುದೇ ಅದಕ್ಕೆ: ಗುರು ಒಂದು ಸಲ, ಶಿಷ್ಯ ಎರಡು ಸಲ. ಮೊದಲು ಪದ, ಆಮೇಲೆ ಅರ್ಧ ವಾಕ್ಯ, ಆಮೇಲೆ ಪೂರ್ತಿ. ಕಿವಿಗೆ ಬೀಳದ ಸ್ವರ ಬಾಯಿಗೆ ಬರುವುದಿಲ್ಲ. ಉಚ್ಚಾರಣೆಯ ಗ್ರಂಥವಾದ ಪಾಣಿನೀಯ ಶಿಕ್ಷೆ ಅಧಮ ಪಾಠಕರು ಆರು ಬಗೆ ಎನ್ನುತ್ತದೆ: ರಾಗವಾಗಿ ಹಾಡುವವನು, ಅವಸರ ಮಾಡುವವನು, ತಲೆ ಆಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ಕಂಠಬಲವಿಲ್ಲದವನು. ಅರ್ಥ ಬೇಡ, ಶಬ್ದಶಕ್ತಿಯೇ ಸಾಕು ಎಂದು ವಾದಿಸುವವರು ಐದನೆಯವನನ್ನು ಗಮನಿಸಬೇಕು.

ಎರಡನೆಯವನು ಏಕಾದಶ ರುದ್ರದಲ್ಲಿ ಸಿಗುತ್ತಾನೆ. ನಮಕ (ಶ್ರೀರುದ್ರಕ್ಕೇ ಇನ್ನೊಂದು ಹೆಸರು) ಹನ್ನೊಂದು ಸಲ, ಪ್ರತಿಯೊಂದರ ಹಿಂದೆ ಅದರ ಜೊತೆಯ ಮಂತ್ರಭಾಗವಾದ ಚಮಕದ ಒಂದೊಂದು ಅನುವಾಕ. ಆವೃತ್ತಿ ಏರಿದಂತೆ ವೇಗವೂ ಏರುತ್ತದೆ. ಆಗ ಮೊದಲು ಕಳೆದುಹೋಗುವುದು ಅನುದಾತ್ತ, ಏಕೆಂದರೆ ದನಿ ಇಳಿಸಲು ಬೇಕಾದ ಪುರಸೊತ್ತು ಇರುವುದಿಲ್ಲ. ಗುಂಪಿನಲ್ಲಿ ಹೇಳುವಾಗ ದೊಡ್ಡ ಉಸಿರಿನವರನ್ನು ಮುಂದೆ ಬಿಡಬೇಡಿ. ಎಲ್ಲರಿಗಿಂತ ಬೇಗ ಉಸಿರು ಮುಗಿಯುವವರು ಎಲ್ಲಿ ನಿಲ್ಲುತ್ತಾರೋ ನೋಡಿ, ಪದ ಒಡೆಯದಂತೆ ಅಲ್ಲಿಯೇ ಎಲ್ಲರೂ ನಿಲ್ಲಿ.