ಅವ್ವನ ಕಾಲು, ಅಗಸಿ ಹಿಂಡಿ

ಧಾರವಾಡದಲ್ಲಿ ಚಳಿ ಶುರುವಾದರೆ ಅವ್ವನ ಮೊಣಕಾಲಿನ ಕೆಳಗೆ ಚರ್ಮ ಬೆಳ್ಳಗೆ ಬಿರಿಯುತ್ತದೆ. ಉಗುರು ತಾಗಿದರೆ ಸಾಕು, ಗೆರೆ ಮೂಡುತ್ತದೆ. ಯಾರೋ ಹೇಳಿದರು ಅಂತ ವಿಟಮಿನ್ ಎ ಮಾತ್ರೆ ತರಿಸಲು ಹೊರಟಿದ್ದಳು. ನಾನೇ ತಡೆದೆ. ಅದು ಮೈಯಲ್ಲೇ ಉಳಿದು ಸೇರುತ್ತಾ ಹೋಗುವ ವಿಟಮಿನ್. ಜಾಸ್ತಿಯಾದರೆ ಚರ್ಮ ಇನ್ನೂ ಒಣಗುತ್ತದೆ, ತುಟಿ ಒಡೆಯುತ್ತದೆ. ಸುಮ್ನೆ ನುಂಗುವಂಥದ್ದಲ್ಲ.

ಚರ್ಮ ತೇವ ಹಿಡಿದಿಟ್ಟುಕೊಳ್ಳಲು ಲಿನೋಲಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಬೇಕು. ನಮ್ಮ ಕುಸುಬಿ ಎಣ್ಣೆಯಲ್ಲಿ ಅದು ಧಾರಾಳ. ಅಗಸಿಯಲ್ಲಿ ಒಮೆಗಾ-3 ಅನ್ನೋ ಇನ್ನೊಂದು ಬಗೆಯ ಕೊಬ್ಬಿನಾಮ್ಲ ಇದೆ. ಇಡೀ ಕಾಳು ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿಯೇ ತಿನ್ನಬೇಕು. ಅಜ್ಜಿ ಹುರಿದು ಕುಟ್ಟುತ್ತಿದ್ದಳು, ಅಲ್ವಾ?

ಅವ್ವ ಸ್ನಾನದ ನಂತರ ಒದ್ದೆ ಮೈಗೆ ಎಣ್ಣೆ ಸವರುವುದನ್ನು ಬಿಟ್ಟಿಲ್ಲ. ಇವತ್ತು ರೊಟ್ಟಿ ಮೇಲೆ ಅಗಸಿ ಹಿಂಡಿ (ಚಟ್ನಿಪುಡಿ), ಅದಕ್ಕೆ ಕುಸುಬಿ ಎಣ್ಣೆ. ಅವ್ವ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.