ಸೈನ್ಯದಲ್ಲಿದ್ದುಕೊಂಡು ಇಷ್ಟೆಲ್ಲ ಆಡೋಕೆ ಪುರುಸೊತ್ತು ಎಲ್ಲಿತ್ತು?

ಹಳೇ ರಗ್ಬಿ ವಿಷಯ ಬಂದರೆ ನಾನು ಹೆನ್ರಿ ರೆನಿ-ಟೇಲ್ಯೂರ್ ಹೆಸರು ಎತ್ತದೆ ಬಿಡುವುದಿಲ್ಲ. ಆಗ ಎಲ್ಲರೂ ಕೇಳುವುದು ಒಂದೇ: ಆರ್ಮಿ ಆಫೀಸರ್ ಅಂತೀರಿ, ರಗ್ಬಿ ಅಂತೀರಿ, ಫುಟ್‌ಬಾಲ್ ಮತ್ತು ಕ್ರಿಕೆಟ್ ಬೇರೆ, ಈತ ಡ್ಯೂಟಿ ಯಾವಾಗ ಮಾಡ್ತಿದ್ದ?

ಫುಟ್‌ಬಾಲನ್ನಂತೂ ಆತ ಆಡುತ್ತಿದ್ದುದೇ ಸೈನ್ಯದ ತಂಡಕ್ಕೆ. ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ, 1849ರಲ್ಲಿ. ಓದಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1870ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿದ, ಅಂದರೆ ಸೇತುವೆ ಕಟ್ಟುವ, ಸುರಂಗ ತೋಡುವ ಪಡೆ. ನಮ್ಮ ಹಲಸೂರು ಕೆರೆ ಹತ್ತಿರ ಮದ್ರಾಸ್ ಸ್ಯಾಪರ್ಸ್ ಇದ್ದಾರಲ್ಲ, ಅದೇ ಜಾತಿಯ ಕೆಲಸ. ಅವರ ನೆಲೆ ಇದ್ದದ್ದು ಲಂಡನ್ನಿಗೆ ಹತ್ತಿರದ ಚ್ಯಾಥಮ್‌ನಲ್ಲಿ. ಮ್ಯಾಚ್‌ಗೆ ಹೋಗಿಬರುವುದು ಕಷ್ಟವೇನಲ್ಲ.

ಇನ್ನು ರಗ್ಬಿ, ಫುಟ್‌ಬಾಲ್ ಇವತ್ತಿನಷ್ಟು ಬೇರೆ ಬೇರೆ ಆಗಿರಲಿಲ್ಲ, ಒಬ್ಬನೇ ಎರಡೂ ಆಡಬಹುದಿತ್ತು. 1872ರ ಫೆಬ್ರವರಿ 5ರಂದು ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡ್ ಪರ ಇಂಗ್ಲೆಂಡ್ ವಿರುದ್ಧ ರಗ್ಬಿ ಆಡಿದ. ಆಗ ಒಂದು ಕಡೆ 20 ಜನ! ಬಾಲು ಎಲ್ಲಿದೆ ಅಂತ ನೋಡುವವರಿಗೆ ಕಾಣುತ್ತಿತ್ತೋ ಇಲ್ಲವೋ ಅನ್ನೋದು ನನ್ನ ಅನುಮಾನ. ಗೆದ್ದದ್ದು ಇಂಗ್ಲೆಂಡ್. ಮಾರ್ಚ್ 16ಕ್ಕೆ ಅದೇ ಓವಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳ ಪಂದ್ಯಾವಳಿಯಾದ ಎಫ್ಎ ಕಪ್‌ನ ಮೊಟ್ಟಮೊದಲ ಫೈನಲ್, ಈತ ಎಂಜಿನಿಯರ್ಸ್ ತಂಡದಲ್ಲಿ. ಶುರುವಾಗಿ ಹತ್ತು ನಿಮಿಷಕ್ಕೇ ಜೊತೆಯ ಆಟಗಾರ ಲೆಫ್ಟಿನೆಂಟ್ ಕ್ರೆಸ್‌ವೆಲ್‌ಗೆ ಕಾಲರ್‌ಬೋನ್ (ಕೊರಳ ಬುಡದಿಂದ ಭುಜದವರೆಗಿನ ಮೂಳೆ) ಮುರಿಯಿತು. ಬದಲಿ ಆಟಗಾರ ಅನ್ನೋದೇ ಇಲ್ಲದ ಕಾಲ, ಆತ ನೋವು ನುಂಗಿಕೊಂಡು ಕೊನೇವರೆಗೂ ಮೈದಾನ ಬಿಡಲಿಲ್ಲ. 1-0ಯಿಂದ ಎದುರಾಳಿ ವಾಂಡರರ್ಸ್ ತಂಡ ಗೆದ್ದಿತು. ಮರುವರ್ಷ ಮತ್ತೆ ಅದೇ ಮೈದಾನ, ಈ ಸಲ ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡ: ಇಂಗ್ಲೆಂಡಿಗೆ 4-2ರಲ್ಲಿ ಸೋತರೂ ಸ್ಕಾಟ್ಲೆಂಡಿನ ಮೊದಲ ಅಧಿಕೃತ ಗೋಲ್ ಹೊಡೆದವನು ಇದೇ ರೆನಿ-ಟೇಲ್ಯೂರ್. 1875ರಲ್ಲಿ ಎಫ್ಎ ಕಪ್ಪೂ ಎಂಜಿನಿಯರ್ಸ್ ಪಾಲಾಯಿತು. ಇಂಗ್ಲೆಂಡಿನ ಕೆಂಟ್ ಕೌಂಟಿ ಪರ ಕ್ರಿಕೆಟ್ಟೂ ಆಡಿದ.

ಪ್ರತಿಭೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುರುಸೊತ್ತಿಗೆ ಅಷ್ಟೇ ಮುಖ್ಯ ಕಾರಣ ದುಡ್ಡು. ಫುಟ್‌ಬಾಲಿಗೆ ಸಂಬಳ ಕೊಡಲು ಇಂಗ್ಲೆಂಡಿನಲ್ಲಿ ಒಪ್ಪಿಗೆ ಸಿಕ್ಕಿದ್ದೇ 1885ರಲ್ಲಿ. ಅಲ್ಲಿವರೆಗೆ ದೊಡ್ಡ ಮಟ್ಟದಲ್ಲಿ ಆಡುತ್ತಿದ್ದವರು ಹೆಚ್ಚಾಗಿ ಶಾಲೆ, ಕಾಲೇಜು, ಆಫೀಸರ್ಸ್ ಮೆಸ್‌ನ ಅನುಕೂಲಸ್ಥ ಹುಡುಗರೇ. ಒಂದು ದಿನ ರಜೆ ಹಾಕಿದರೆ ಕೂಲಿ ಹೋಗುತ್ತೆ ಅನ್ನೋ ಗಿರಣಿ ಕೆಲಸಗಾರ ಲಂಡನ್ನಿಗೆ ಬಂದು ಫೈನಲ್ ಆಡಲು ಆಗುತ್ತಿತ್ತಾ, ಹೇಳಿ? 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಅನ್ನೋ ಕ್ಲಬ್‌ನ ಕೆಲಸಗಾರರು ಎಫ್ಎ ಕಪ್ ಗೆದ್ದರು. ಎಂಜಿನಿಯರ್ಸ್ ಅದನ್ನು ಮತ್ತೆಂದೂ ಗೆಲ್ಲಲಿಲ್ಲ.

ಅಂದಹಾಗೆ, ಈತ ಕರ್ನಲ್ ಆಗಿ ಸೈನ್ಯ ಬಿಟ್ಟು, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರೂ ಆದ. ಅಲ್ಲಿ ಪುರುಸೊತ್ತು ಸಿಗ್ತಿತ್ತಾ ಅಂತ ಮಾತ್ರ ಯಾರೂ ಕೇಳಲ್ಲ.